ಮಾನೊ ಅಂದರೆ ಕೈ, ಗಂಡಸಲ್ಲ

ಓದುಗರ ಪ್ರಶ್ನೆ: ಸ್ಪ್ಯಾನಿಷ್‌ನ ‘ಮಾನೊ’ ಪದಕ್ಕೆ ಕೈ ಅಂತ ಅರ್ಥವೋ, ಗಂಡಸು ಅಂತಲೋ? ‘ಮಾನೊ ಆ ಮಾನೊ’ ಅಂದರೆ ಇಬ್ಬರು ಗಂಡಸರ ನೇರ ಕಾಳಗ ತಾನೇ?

ಕೈ. ಬರೀ ಕೈ. ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಲೇ ಇದೆ. ಈ ಸಲ ವಿಸ್ತಾರವಾಗಿಯೇ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ತೋರಿಸಿದರಾಯಿತು.

ಮೊದಲು ನೇರ ಅರ್ಥ. ಮಾನೊ ಎಂದರೆ ಮಣಿಕಟ್ಟಿನಿಂದಾಚೆಗಿನ ಭಾಗ ಮಾತ್ರ. ತೋಳಿಗೆ ‘ಬ್ರಾಸೊ’ ಎಂಬ ಬೇರೆ ಪದವಿದೆ. ನಾವು ‘ಕೈ ಮುರಿಯಿತು’ ಅಂದರೆ ಭುಜದಿಂದ ಬೆರಳತುದಿಯವರೆಗೆ ಎಲ್ಲಿ ಬೇಕಾದರೂ ಮುರಿದಿರಬಹುದು. ಮ್ಯಾಡ್ರಿಡ್‌ನ ಡಾಕ್ಟರ ಮುಂದೆ ಮಾನೊ ಅಂದರೆ ಅವರು ಅಂಗೈ, ಬೆರಳುಗಳನ್ನಷ್ಟೇ ನೋಡುತ್ತಾರೆ.

ಲಾಕ್ಷಣಿಕ ಅರ್ಥಗಳಲ್ಲಿ ಅರ್ಧದಷ್ಟನ್ನು ಕನ್ನಡಿಗರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಬಲಗೈ ಬಂಟ ಅಲ್ಲಿ ‘ಮಾನೊ ದೆರೇಚಾ’, ಅಂದರೆ ಬಲಗೈ. ಜವಾಬ್ದಾರಿಯಿಂದ ಕೈತೊಳೆದುಕೊಳ್ಳುವುದು ಅಲ್ಲೂ ಕೈತೊಳೆದುಕೊಳ್ಳುವುದೇ. ಹೆಣ್ಣು ಕೇಳುವುದಕ್ಕೆ ‘ಕೈ ಕೇಳುವುದು’ ಅನ್ನುತ್ತಾರೆ. ಕೆಲಸಕ್ಕೆ ಬೇಕಾದ ಆಳುಬಲ ‘ಮಾನೊ ದೆ ಓಬ್ರಾ’. ಗೋಡೆಗೆ ಒಂದು ಕೋಟ್ ಬಣ್ಣ ಬಳಿದರೆ ಅದು ಒಂದು ಮಾನೊ. ಇಪ್ಪತ್ತೈದು ಹಾಳೆ ಕಾಗದವೂ ಒಂದು ಮಾನೊ. ಅಂಥ 20 ಸೇರಿದರೆ 500 ಹಾಳೆಯ ಒಂದು ರೀಮು. ಮೆಕ್ಸಿಕೊದಲ್ಲಿ ಮೆಕ್ಕೆಜೋಳ ಅರೆಯುವ ಕಲ್ಲಿನ ಮೇಲೆ ಎರಡೂ ಕೈಯಲ್ಲಿ ಹಿಡಿದು ಉಜ್ಜುವ ಉದ್ದನೆಯ ಗುಂಡಿಗೂ ಮಾನೊ ಎಂದೇ ಹೆಸರು.

ಎಡವುವುದು ಎರಡು ಕಡೆ. ‘ಎಚಾರ್ ಊನಾ ಮಾನೊ’ ಅಂದರೆ ನೆರವಾಗುವುದು. ಅದನ್ನು ‘ಕೈಕೊಡುವುದು’ ಎಂದು ಕನ್ನಡಕ್ಕೆ ತಂದಿರೋ, ಸಹಾಯ ಮಾಡಿದವನೇ ದ್ರೋಹಿಯಾಗುತ್ತಾನೆ. ಇನ್ನೊಂದು, ‘ಎಡಗೈ ಇರುವವರು’. ಅಂದರೆ ಬಿಕ್ಕಟ್ಟನ್ನು ಜಾಣತನದಿಂದ, ಯಾರ ಮನಸ್ಸೂ ನೋಯದಂತೆ ನಿಭಾಯಿಸಬಲ್ಲವರು. ಎಡಗೈಯಲ್ಲಿ ಪ್ರಸಾದ ತಗೊಂಡರೆ ಬೈಸಿಕೊಳ್ಳುವ ನಮಗೆ ಇದು ವಿಚಿತ್ರವೇ.

ಈಗ ಆ ಹಟಮಾರಿ ‘ಮಾನೊ ಆ ಮಾನೊ’. ಇಂಗ್ಲಿಷ್ ಸಿನಿಮಾಗಳಲ್ಲಿ, ಕ್ರೀಡಾ ಕಾಮೆಂಟರಿಯಲ್ಲಿ ಇದು ಬರುತ್ತದೆ. ಇಂಗ್ಲಿಷಿನ ‘ಮ್ಯಾನ್’ ಕಿವಿಯಲ್ಲಿ ಮೊದಲೇ ಕೂತಿರುವುದರಿಂದ ‘ಗಂಡಸಿಗೆ ಗಂಡಸು’ ಎಂದು ತಾವೇ ಅರ್ಥ ಮಾಡಿಕೊಂಡುಬಿಡುತ್ತಾರೆ. ಸ್ವಾಮಿ, ಸ್ಪ್ಯಾನಿಷ್‌ನಲ್ಲಿ ಗಂಡಸಿಗೆ ‘ಓಂಬ್ರೆ’ ಎನ್ನುತ್ತಾರೆ. ಗಂಡಸರಿಬ್ಬರು ಮುಚ್ಚುಮರೆಯಿಲ್ಲದೆ ಮಾತಾಡಿದರೆ ಅದು ‘ದೆ ಓಂಬ್ರೆ ಆ ಓಂಬ್ರೆ’. ಅಲ್ಲಿ ಮಾನೊ ಸುಳಿಯುವುದೇ ಇಲ್ಲ.

ಈ ಮಾತು ಗೂಳಿಕಾಳಗದ ಅಖಾಡದಲ್ಲಿ ಬಹಳ ಬಳಕೆಯಲ್ಲಿರುವಂಥದ್ದು. ಸಾಮಾನ್ಯವಾಗಿ ಒಂದು ಸಂಜೆಗೆ ಮೂವರು ಮಾತಾದೋರರು, ಆರು ಗೂಳಿ, ತಲಾ ಎರಡು. ಮೂವರ ಬದಲು ಇಬ್ಬರೇ ನಿಂತು ಸರದಿಯಂತೆ ಮೂರು ಮೂರು ಗೂಳಿಗಳನ್ನು ಎದುರಿಸಿದರೆ ಅದು ಮಾನೊ ಆ ಮಾನೊ. 1959ರ ಬೇಸಿಗೆಯಲ್ಲಿ ಲೂಯಿಸ್ ಮಿಗೆಲ್ ದೊಮಿಂಗಿನ್ ಮತ್ತು ಅವನ ತಂಗಿಯ ಗಂಡ ಆಂತೋನಿಯೊ ಓರ್ದೋನ್ಯೆಸ್ ನಡುವಿನ ಪೈಪೋಟಿ ಇಂಥದ್ದಕ್ಕೇ ಹೆಸರಾದದ್ದು. ಗಮನಿಸಿ, ಅವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ, ಪೆಟ್ಟೆಲ್ಲ ಗೂಳಿಗೆ.

ಕಾಳಗವೇ ಇರಬೇಕೆಂದೂ ಇಲ್ಲ. ಗೆಳತಿಯರಿಬ್ಬರು ಕೂತು ಒಂದು ಬಾಟಲಿ ವೈನ್ ಮುಗಿಸಿದರೆ ಅದನ್ನೂ ಮಾನೊ ಆ ಮಾನೊ ಮುಗಿಸಿದರು ಎನ್ನಬಹುದು. ನಿಜವಾಗಿ ಕೈಕೈ ಮಿಲಾಯಿಸುವುದಕ್ಕೆ ಬೇರೆಯೇ ಮಾತಿದೆ: ‘ಯೆಗಾರ್ ಆ ಲಾಸ್ ಮಾನೊಸ್’, ಜಗಳ ಕೈವರೆಗೆ ಬರುವುದು.

ಇಷ್ಟಾದರೂ ನಂಬದವರು 1986ರ ಜೂನ್ 22ನ್ನು ನೆನಪಿಸಿಕೊಳ್ಳಿ. ಮೆಕ್ಸಿಕೊದ ಅಸ್ತೆಕಾ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ಹೊಡೆದ ಆ ಗೋಲು. ‘ಲಾ ಮಾನೊ ದೆ ದಿಯೋಸ್’ ಅಂದರೆ ದೇವರ ಕೈ ಎಂದು ನಮ್ಮ ಹಳ್ಳಿಯ ಫುಟ್ಬಾಲ್ ಹುಡುಗರಿಗೂ ಗೊತ್ತು. ‘ದೇವರ ಗಂಡಸು’ ಅಂತ ಇದುವರೆಗೆ ಯಾರೂ ಅಂದದ್ದಿಲ್ಲ.

ಇದಕ್ಕೆ ಕೆಲವರು ತೆಗೆಯುವ ಪ್ರತಿವಾದವೂ ಗೊತ್ತು: ಮೆಕ್ಸಿಕೊದ ಹುಡುಗರು ಒಬ್ಬರನ್ನೊಬ್ಬರು ‘ಮಾನೊ’ ಎಂದೇ ಕರೆಯುತ್ತಾರಲ್ಲ? ಕರೆಯುತ್ತಾರೆ. ಅದು ‘ಎರ್ಮಾನೊ’ದ, ಅಂದರೆ ಸಹೋದರ ಎಂಬುದರ ಮೊಟಕು ರೂಪ. ಹುಡುಗಿಗಾದರೆ ‘ಮಾನಾ’. ಅಲ್ಲಿಯೂ ಗಂಡಸಿಲ್ಲ, ಕೈಯೂ ಇಲ್ಲ.

ಯಾರೂ ಕೇಳದಿದ್ದರೂ ಇಲ್ಲಿಯೇ ಹೇಳಬೇಕಾದ್ದು ಇನ್ನೊಂದಿದೆ. ‘ಓ’ದಲ್ಲಿ ಮುಗಿಯುವ ನಾಮಪದಗಳು ಸಾಮಾನ್ಯವಾಗಿ ಪುಲ್ಲಿಂಗ ಎಂದು ಮೊದಲ ವಾರವೇ ಕಲಿಸುತ್ತಾರೆ. ಮಾನೊ ಮಾತ್ರ ಸ್ತ್ರೀಲಿಂಗ, ‘ಲಾ ಮಾನೊ’. ಲ್ಯಾಟಿನ್ನಿನ ‘ಮಾನುಸ್’ ಸ್ತ್ರೀಲಿಂಗವಾಗಿತ್ತು. ಕೊನೆಯ ಸ್ವರ ಬದಲಾದರೂ ಲಿಂಗ ಬದಲಾಗಲಿಲ್ಲ. ‘ಲಾ ಫೋತೊ’, ‘ಲಾ ಮೋತೊ’ಗಳನ್ನು ಇದೇ ಸಾಲಿಗೆ ಸೇರಿಸಬೇಡಿ. ಅವು ಫೋತೊಗ್ರಫೀಯಾ, ಮೋತೊಸಿಕ್ಲೇತಾ ಎಂಬ ಸ್ತ್ರೀಲಿಂಗ ಪದಗಳ ಬಾಲ ಕತ್ತರಿಸಿದ ರೂಪಗಳು, ಕಾರಣ ಬೇರೆ. ಮಗುವಿನ ಪುಟ್ಟ ಕೈಗೆ ಏನೆನ್ನಬೇಕು ಎಂಬುದರಲ್ಲಿ ಮಾತ್ರ ಅವರಲ್ಲೇ ಒಮ್ಮತವಿಲ್ಲ. ಸ್ಪೇನ್, ಮೆಕ್ಸಿಕೊಗಳಲ್ಲಿ ‘ಲಾ ಮಾನೀತಾ’, ದಕ್ಷಿಣ ಅಮೆರಿಕದ ಬಹುತೇಕ ಕಡೆ ‘ಲಾ ಮಾನೀತೊ’. ಎರಡೂ ಸರಿ. ಮೇಷ್ಟ್ರು ಯಾವ ದೇಶದವರೋ ನೋಡಿಕೊಂಡು ಬರೆಯಿರಿ.