ಪದ ಪರಿಚಯ: ಪೈಲಟ್ ಆಯ್ಕೆಯಲ್ಲಿ ‘ಆಪ್ಟಿಟ್ಯೂಡ್’ ಅಂದರೆ ಏನು?

ನನ್ನ ಅಕ್ಕನ ಮಗಳು ಕಾಸರಗೋಡಿನ ಪೆರ್ಲದ ಹತ್ತಿರ ಪ್ಲಸ್ ಟು ಓದುತ್ತಿದ್ದಾಳೆ. ಪೈಲಟ್ ಆಗಬೇಕು ಎನ್ನುವುದು ಅವಳ ಏಳನೇ ಕ್ಲಾಸಿನಿಂದಲೂ ಇರುವ ಹಟ. ಕಳೆದ ತಿಂಗಳು ಒಂದು ನೋಟಿಸಿನ ಫೋಟೊ ಕಳಿಸಿದಳು. ಮಲಯಾಳದಲ್ಲಿತ್ತು. ಮೇಲೆ ದೊಡ್ಡಕ್ಷರದಲ್ಲಿ ‘ಅಭಿರುಚಿ ಪರೀಕ್ಷ’. ಫೋಟೊದ ಕೆಳಗೆ ಅವಳ ಪ್ರಶ್ನೆ: “ಮಾವ, ನನಗೆ ಎಷ್ಟು ಅಭಿರುಚಿ ಇದೆ ಅಂತ ನಿಮಗೆಲ್ಲ ಗೊತ್ತುಂಟಲ್ಲ. ಅದಕ್ಕೂ ಪರೀಕ್ಷೆ ಯಾಕೆ?”

ಈ ಗೊಂದಲ ಕೇರಳದ ಗಡಿಯಲ್ಲಿರುವ ಕನ್ನಡದವರಾದ ನಮಗೇ ಬರುವಂಥದ್ದು. ಇಂಗ್ಲಿಷಿನ ಆಪ್ಟಿಟ್ಯೂಡಿಗೆ ಮಲಯಾಳದಲ್ಲಿ ‘ಅಭಿರುಚಿ’ ಅನ್ನುತ್ತಾರೆ. ಕೇರಳದ ವಿದ್ಯಾರ್ಥಿಗಳಿಗೆ ಇರುವ ಕೆ-ಡಾಟ್ ಎಂಬ ಆಪ್ಟಿಟ್ಯೂಡ್ ಟೆಸ್ಟ್ ಕೂಡ ಅವರ ಮಾತಿನಲ್ಲಿ ಅಭಿರುಚಿ ಪರೀಕ್ಷೆಯೇ. ಕನ್ನಡದಲ್ಲಿ ಅಭಿರುಚಿ ಅಂದರೆ ಇಷ್ಟ, ಒಲವು. ಸಂಗೀತದಲ್ಲಿ ಅಭಿರುಚಿ ಇದೆ ಅಂದರೆ ಹಾಡು ಕೇಳಲು ಇಷ್ಟ ಎಂದಷ್ಟೇ ಅರ್ಥ, ಹಾಡಲು ಬರುತ್ತದೆ ಎಂದಲ್ಲ. ಒಂದೇ ಸಂಸ್ಕೃತ ಪದ, ಎರಡು ಭಾಷೆಯಲ್ಲಿ ಎರಡು ಅರ್ಥ. ಹಾಗಾಗಿ ಕನ್ನಡ ಮಾಧ್ಯಮದ ಮಕ್ಕಳು ಈ ನೋಟಿಸ್ ಓದಿ, ‘ನಿನಗೆ ಯಾವುದು ಇಷ್ಟ?’ ಎಂದು ಕೇಳುತ್ತಾರೆ ಅಂದುಕೊಂಡು ಹೋಗಿ ಕೂರುತ್ತಾರೆ.

ಕನ್ನಡದ ಮನಶ್ಶಾಸ್ತ್ರ ಪುಸ್ತಕಗಳಲ್ಲಿ ಇದಕ್ಕೆ ‘ಅಭಿಕ್ಷಮತೆ’ ಎಂಬ ಪದ ಇದೆ. ತಪ್ಪಿಲ್ಲ, ಆದರೆ ಮನೆಯಲ್ಲಿ ಯಾರೂ ಆಡುವುದಿಲ್ಲ. ನಮ್ಮ ಮಾತಿನಲ್ಲೇ ಹತ್ತಿರದ ಒಂದು ಪ್ರಯೋಗ ಇದೆ. ‘ಅವನಿಗೆ ಆ ಕೆಲಸ ಬೇಗ ಹತ್ತುತ್ತದೆ’ ಅನ್ನುತ್ತೇವಲ್ಲ, ಅದು. ಒಂದು ಕೆಲಸ ಇನ್ನೂ ಕಲಿತಿಲ್ಲ. ಕಲಿಸಿದರೆ ಎಷ್ಟು ಬೇಗ, ಎಷ್ಟು ಚೆನ್ನಾಗಿ ಹತ್ತಬಹುದು? ಅದೇ ಆಪ್ಟಿಟ್ಯೂಡ್. ಲ್ಯಾಟಿನ್ನಿನ ‘ಆಪ್ಟಸ್’ ಎಂಬ ಮೂಲ ಪದಕ್ಕೂ ‘ಸರಿಹೊಂದುವ’ ಎಂದೇ ಅರ್ಥ.

ಇದನ್ನು ಕಣ್ಣಾರೆ ನೋಡಬೇಕಾದರೆ ನಮ್ಮೂರಿನ ಯಕ್ಷಗಾನ ಹಿಮ್ಮೇಳದ ಕ್ಲಾಸಿಗೆ ಬನ್ನಿ. ಇದು ಯಕ್ಷಗಾನದ ಕವಿ ಕುಂಬಳೆಯ ಪಾರ್ತಿಸುಬ್ಬನ ಸೀಮೆ, ಚೆಂಡೆ ಕಲಿಯಬೇಕೆಂದು ಬರುವ ಹುಡುಗರಿಗೆ ಬರಗಾಲವಿಲ್ಲ. ಹೊಸಬರಿಗೆ ಗುರುಗಳು ಮೊದಲ ದಿನ ಚೆಂಡೆ ಮುಟ್ಟಲು ಬಿಡುವುದಿಲ್ಲ. ಕೈಯಲ್ಲಿ ತಾಳ ತಟ್ಟಿಸುತ್ತಾರೆ. ತಟ್ಟುತ್ತಿರುವಾಗಲೇ ಮೆಲ್ಲಗೆ ಮಾತು ತೆಗೆಯುತ್ತಾರೆ. “ಮನೆ ಎಲ್ಲಿ? ಬಸ್ಸಿಗೆ ಬಂದದ್ದಾ? ಮನೆಯಲ್ಲಿ ಎಷ್ಟು ಜನ?” ಕೆಲವರ ಕೈ ಅಲ್ಲೇ ನಿಂತುಬಿಡುತ್ತದೆ. ಕೆಲವರ ಕೈ ನಡೆಯುತ್ತದೆ, ಆದರೆ ಮನೆಯ ಹೆಸರು ಬಾಯಿಗೆ ಬರುವುದಿಲ್ಲ. ಒಬ್ಬಿಬ್ಬರು ಮಾತ್ರ ತಾಳ ತಪ್ಪದೆ ಉತ್ತರ ಕೊಡುತ್ತಾರೆ. ಗುರುಗಳು ಅಲ್ಲಿಗೇ ತೀರ್ಮಾನಕ್ಕೆ ಬರುವುದಿಲ್ಲ. ಮೂರನೇ ದಿನ ಮತ್ತೆ ಅದನ್ನೇ ಮಾಡಿಸುತ್ತಾರೆ. ಮೊದಲ ದಿನ ತಪ್ಪಿದವನು ಈಗ ಎಷ್ಟು ಸುಧಾರಿಸಿದ್ದಾನೆ ಎಂದು ನೋಡುತ್ತಾರೆ. ಪೈಲಟ್ ಆಪ್ಟಿಟ್ಯೂಡ್ ಟೆಸ್ಟಿನ ಜೀವ ಇರುವುದು ಇಷ್ಟರಲ್ಲೇ. ಅಲ್ಲಿ ಚೆಂಡೆಯ ಜಾಗದಲ್ಲಿ ಜಾಯ್‌ಸ್ಟಿಕ್ ಇರುತ್ತದೆ, ಗುರುಗಳ ಜಾಗದಲ್ಲಿ ಕಂಪ್ಯೂಟರ್.

ಕಂಪ್ಯೂಟರಿನ ಮುಂದೆ ಕೂತರೆ ಏನಾಗುತ್ತದೆ ಎಂದು ಹೇಳುತ್ತೇನೆ. ತೆರೆಯ ಮೇಲೆ ಒಂದು ಚಿಕ್ಕ ಗುರುತು. ಅದು ಸುಮ್ನೆ ನಿಲ್ಲುವುದಿಲ್ಲ, ಗಾಳಿಗೆ ಸಿಕ್ಕ ದೋಣಿಯ ಹಾಗೆ ಜಾರುತ್ತಾ ಇರುತ್ತದೆ. ಜಾಯ್‌ಸ್ಟಿಕ್ಕಿನಿಂದ ಅದನ್ನು ನಡುವೆ ಹಿಡಿದಿಡಬೇಕು. ಕೆಲವು ಕಡೆ ಕಾಲಿಗೆ ಪೆಡಲ್ ಕೂಡ ಇರುತ್ತದೆ. ಹೊಸಬರು ಮಾಡುವ ತಪ್ಪು ಒಂದೇ: ಜಾಸ್ತಿ ಎಳೆಯುವುದು. ಗುರುತು ಎಡಕ್ಕೆ ಹೋಯಿತು ಎಂದು ಜೋರಾಗಿ ಬಲಕ್ಕೆ ಎಳೆದರೆ ಅದು ನಡುವನ್ನು ದಾಟಿ ಬಲಕ್ಕೆ ಹೋಗಿಬಿಡುತ್ತದೆ. ಆಮೇಲೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಟ. ಚಿಕ್ಕದಾಗಿ ತಿದ್ದಿ, ಒಂದು ಕ್ಷಣ ಕಾದು, ಮತ್ತೆ ತಿದ್ದುವವರಿಗೆ ಗುರುತು ಒಲಿಯುತ್ತದೆ. ಇದು ಕೈಗೆ ಬಂತು ಅನ್ನುವಷ್ಟರಲ್ಲಿ ಕಿವಿಯಲ್ಲಿ ಅಂಕಿಗಳು ಶುರು. ಇಂಥ ಅಂಕಿ ಕೇಳಿದಾಗ ಗುಂಡಿ ಒತ್ತು, ಇಲ್ಲವಾದರೆ ಬಿಡು. ತಾಳ ತಪ್ಪದೆ ಮನೆಯ ಹೆಸರು ಹೇಳುವುದು ಇಲ್ಲಿ ಹೀಗೆ ಬರುತ್ತದೆ.

ಇನ್ನೊಂದು ಬಗೆ ದಿಕ್ಕಿನದು. ದಿಕ್ಸೂಚಿ 270 ಡಿಗ್ರಿ ತೋರಿಸುತ್ತಿದೆ, ಅಂದರೆ ವಿಮಾನದ ಮೂಗು ಪಶ್ಚಿಮಕ್ಕೆ. ರನ್‌ವೇ ನಿನ್ನ ಎಡಗಡೆ ನೇರಕ್ಕೆ ಇದೆ. ಹಾಗಾದರೆ ನೀನು ರನ್‌ವೇಯ ಯಾವ ದಿಕ್ಕಿನಲ್ಲಿದ್ದೀಯ? ಉತ್ತರದಲ್ಲಿ. ಕೂತು ಯೋಚಿಸಿದರೆ ಯಾರಿಗಾದರೂ ಗೊತ್ತಾಗುತ್ತದೆ, ಆದರೆ ಅಲ್ಲಿ ಸಿಗುವುದು ಕೆಲವೇ ಸೆಕೆಂಡು. ಅಡಿಕೆ ಮರದ ತಲೆಯಿಂದ ತಲೆಗೆ ದಾಟುತ್ತಾ ಗೊನೆ ಕೊಯ್ಯುವವರನ್ನು ನೋಡಿದ್ದೀರಲ್ಲ? ಎತ್ತ ತಿರುಗಿದ್ದರೂ ತೋಟದ ಯಾವ ಸಾಲಿನಲ್ಲಿದ್ದೇನೆ ಎಂಬುದು ಅವರಿಗೆ ತಪ್ಪುವುದಿಲ್ಲ. ನನಗೆ ಅದು ಯಾವತ್ತೂ ದೊಡ್ಡ ವಿದ್ಯೆಯಾಗಿಯೇ ಕಂಡಿದೆ.

ಬಾಯಿಲೆಕ್ಕವೂ ಇದೆ. ಇದು ಕೆಲಸದಲ್ಲಿ ನಿಜವಾಗಿ ಬೇಕಾದದ್ದು. ಸಾವಿರ ಅಡಿ ಇಳಿಯಲು ಸುಮಾರು ಮೂರು ನಾಟಿಕಲ್ ಮೈಲಿ (ಒಂದಕ್ಕೆ ಸುಮಾರು 1.85 ಕಿಲೋಮೀಟರ್) ಬೇಕು ಎನ್ನುವುದು ಪೈಲಟ್‌ಗಳ ಅಂದಾಜು ಲೆಕ್ಕ. 30,000 ಅಡಿಯಲ್ಲಿರುವ ವಿಮಾನ ಮಂಗಳೂರಿನಲ್ಲಿ ಇಳಿಯಬೇಕಾದರೆ 90 ನಾಟಿಕಲ್ ಮೈಲಿ ದೂರದಿಂದಲೇ ಶುರುಮಾಡಬೇಕು. ಮಗ್ಗಿ ಬಾಯಿಪಾಠ ಮಾಡಿದ ನಮ್ಮ ಮಕ್ಕಳಿಗೆ ಇಲ್ಲಿ ಹೆದರಿಕೆ ಬೇಡ. ಇಂಗ್ಲಿಷ್ ಗಟ್ಟಿ ಇಲ್ಲದವರಿಗೂ ಈ ಭಾಗಗಳಲ್ಲಿ ಅಷ್ಟೇನೂ ತೊಂದರೆ ಆಗದು. ಇಂಗ್ಲಿಷ್ ಬೇಕೇ ಬೇಕು, ಆದರೆ ಅದನ್ನು ಬೇರೆಯಾಗಿ ನೋಡುತ್ತಾರೆ.

ಇಂಥ ಟೆಸ್ಟ್ ಹುಟ್ಟಿದ್ದು ಯುದ್ಧದಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಅಭ್ಯರ್ಥಿಯನ್ನು ಕುರ್ಚಿಯಲ್ಲಿ ಕೂರಿಸಿ ಗರಗರ ತಿರುಗಿಸಿ ನೋಡುತ್ತಿದ್ದರು. ಸರಿಯಾದ ಕ್ರಮ ಬಂದದ್ದು ಎರಡನೇ ಮಹಾಯುದ್ಧದಲ್ಲಿ. 1941ರಿಂದ ಅಮೆರಿಕದ ಸೇನೆಯ ವಿಮಾನ ದಳದಲ್ಲಿ ಜಾನ್ ಫ್ಲಾನಗನ್ ಎಂಬ ಮನಶ್ಶಾಸ್ತ್ರಜ್ಞರು ಈ ಕೆಲಸದ ಮುಂದಾಳು. ಬರಹದ ಟೆಸ್ಟು, ಕೋಲು-ಪೆಡಲಿನ ಯಂತ್ರದ ಟೆಸ್ಟು ಎಲ್ಲ ಸೇರಿಸಿ 1ರಿಂದ 9ರವರೆಗಿನ ಒಂದೇ ಅಂಕಿಗೆ ಇಳಿಸಿದರು. ಅದಕ್ಕೆ ‘ಸ್ಟೇನೈನ್’ ಎಂದು ಹೆಸರು. 5 ಅಂದರೆ ಸರಾಸರಿ.

ಟೆಸ್ಟ್ ನಿಜವಾಗಿ ಕೆಲಸ ಮಾಡುತ್ತದೆಯೇ? ಇದನ್ನು ಅವರು ನೋಡಿದ ರೀತಿ ನನಗೆ ತುಂಬಾ ಹಿಡಿಸಿತು. ಸಾವಿರಕ್ಕೂ ಹೆಚ್ಚು ಮಂದಿಯನ್ನು ಅಂಕ ಎಷ್ಟೇ ಬಂದಿರಲಿ ಎಂದು ತರಬೇತಿಗೆ ಕಳಿಸಿ, ಕೊನೆಗೆ ಯಾರು ಪಾಸಾದರು ಎಂದು ಹೋಲಿಸಿದರು. ಅಂಕ ಹೆಚ್ಚಿದ್ದವರೇ ಹೆಚ್ಚು ಪಾಸಾಗಿದ್ದರು. ಆ ಕಾಲದ ಒಟ್ಟು ಲೆಕ್ಕದಲ್ಲಿ, ಶುರುವಿನ ಹಂತದ ತರಬೇತಿಯಲ್ಲಿ 9 ಬಂದವರಲ್ಲಿ ನೂರಕ್ಕೆ ಸುಮಾರು 4 ಮಂದಿ ಹೊರಬಿದ್ದರೆ, 1 ಬಂದವರಲ್ಲಿ ನೂರಕ್ಕೆ 77 ಮಂದಿ ಹೊರಬಿದ್ದರು. 5 ಬಂದವರಲ್ಲಿ 30 ಮಂದಿ.

ಈ ಅಂಕಿಗಳನ್ನು ಇನ್ನೊಮ್ಮೆ ಓದಿ. 9 ಬಂದವರಲ್ಲೂ ನಾಲ್ವರು ಸೋತಿದ್ದಾರೆ. 1 ಬಂದವರಲ್ಲೂ ಇಪ್ಪತ್ತಮೂರು ಮಂದಿ ದಾಟಿದ್ದಾರೆ. ಟೆಸ್ಟ್ ಯಾರ ಹಣೆಬರಹವನ್ನೂ ಓದುವುದಿಲ್ಲ. ಇಂಥವರು ನೂರು ಮಂದಿ ಬಂದರೆ ಎಷ್ಟು ಮಂದಿ ದಾಟಬಹುದು ಎಂದು ಮಾತ್ರ ಹೇಳುತ್ತದೆ. ಸೇನೆಗಾಗಲಿ ಕಂಪನಿಗಾಗಲಿ ಅಷ್ಟು ಸಾಕು, ಯಾಕೆಂದರೆ ಅವರು ನೂರು ಮಂದಿಯನ್ನು ಒಟ್ಟಿಗೆ ನೋಡುವವರು. ಒಬ್ಬಳೇ ಮಗಳನ್ನು ಕಳಿಸುವ ಅಪ್ಪ-ಅಮ್ಮ ಈ ವ್ಯತ್ಯಾಸ ತಿಳಿದಿರಲೇಬೇಕು.

ನಮ್ಮ ದೇಶದಲ್ಲಿ ಇದನ್ನು ಕಟ್ಟುನಿಟ್ಟಾಗಿ ಪಾಲಿಸುವುದು ವಾಯುಪಡೆ. ಮೊದಲು ಪಿಎಬಿಟಿ ಎಂಬ ಟೆಸ್ಟ್ ಇತ್ತು, ಅದರ ಜಾಗಕ್ಕೆ ಕಂಪ್ಯೂಟರಿನ ಸಿಪಿಎಸ್‌ಎಸ್ ಬಂತು. ಮೈಸೂರಿನಲ್ಲೂ ಆಯ್ಕೆ ಮಂಡಳಿ ಇದೆ. ಪೈಲಟ್ ಆಗುವುದಕ್ಕೆ ಈ ಟೆಸ್ಟನ್ನು ಜೀವನದಲ್ಲಿ ಒಂದೇ ಸಲ ಬರೆಯಬಹುದು. ತಪ್ಪಿದರೆ ವಾಯುಪಡೆಯ ಬೇರೆ ಕೆಲಸಕ್ಕೆ ಹೋಗಬಹುದು, ಕಾಕ್‌ಪಿಟ್ಟಿನ ಬಾಗಿಲು ಮುಚ್ಚಿತು. ವಿಮಾನ ಕಂಪನಿಗಳು ಅಷ್ಟು ಬಿಗಿಯಾಗಿಲ್ಲ. ಕಂಪಾಸ್, ಅಡಾಪ್ಟ್ ಎಂಬ ಹೆಸರಿನ ಟೆಸ್ಟುಗಳು ಅಲ್ಲಿ ಬಳಕೆಯಲ್ಲಿವೆ. ಕೆಲವರು ಇಂತಿಷ್ಟು ತಿಂಗಳು ಬಿಟ್ಟು ಇನ್ನೊಂದು ಅವಕಾಶ ಕೊಡುತ್ತಾರೆ. ಅಭ್ಯಾಸ ಮಾಡಿ ಹೋದರೆ ಅಂಕ ಸ್ವಲ್ಪ ಏರುತ್ತದೆ, ಜಾಯ್‌ಸ್ಟಿಕ್ ಹೊಸದಲ್ಲ ಎಂಬ ಧೈರ್ಯವೂ ಬರುತ್ತದೆ. ಒಂದು ಮಟ್ಟದ ಮೇಲೆ ಆ ಏರಿಕೆ ನಿಲ್ಲುತ್ತದೆ. ದೊಡ್ಡ ಫೀಸಿನ ಕೋಚಿಂಗ್ ಕ್ಲಾಸಿನವರು ಈ ಮಾತನ್ನು ಹೇಳಬೇಕು ಎಂದು ನನ್ನ ಆಸೆ.

ಇದನ್ನು ಡಿಜಿಸಿಎ, ಅಂದರೆ ಪೈಲಟ್ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆಯ ಪರೀಕ್ಷೆಯ ಜೊತೆ ಕಲಸಬೇಡಿ. ಅಲ್ಲಿ ನ್ಯಾವಿಗೇಷನ್, ಹವಾಮಾನ, ನಿಯಮಗಳು ಎಂಬ ವಿಷಯಗಳಿವೆ. ನೂರಕ್ಕೆ 70 ತೆಗೆಯಬೇಕು, ಓದಿದರೆ ಬರುತ್ತದೆ. ಅದು ಕಲಿತದ್ದರ ಪರೀಕ್ಷೆ, ಇದು ಕಲಿಯುವ ಗುಣದ ಪರೀಕ್ಷೆ.

ಜಾಯ್‌ಸ್ಟಿಕ್ ತೋರಿಸದ ಸಂಗತಿಯೂ ಒಂದಿದೆ. ಅದನ್ನು ಬರೆಯಲು ಕಷ್ಟವಾಗುತ್ತದೆ. 2010ರ ಮೇ 22ರಂದು ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕೆಳಕ್ಕೆ ಬಿತ್ತು. 158 ಮಂದಿ ತೀರಿಕೊಂಡರು, ಎಂಟು ಮಂದಿ ಉಳಿದರು. ಕಾಸರಗೋಡಿನವರೂ ತುಂಬಾ ಮಂದಿ ಇದ್ದರು. ಆ ದಿನ ಇಲ್ಲಿ ಯಾವ ಊರಿಗೆ ಹೋದರೂ ಒಂದು ಮನೆಯ ಮುಂದೆ ಜನ ಸೇರಿದ್ದರು. ಕೋ-ಪೈಲಟ್ ಮೂರು ಸಲ ‘ಇಳಿಸುವುದು ಬೇಡ, ಮತ್ತೆ ಮೇಲೇರೋಣ’ ಎಂದು ಹೇಳಿದ್ದರೂ ಕ್ಯಾಪ್ಟನ್ ಇಳಿಸಲು ಹೋದರು ಎಂದು ವಿಚಾರಣೆಯಲ್ಲಿ ಗೊತ್ತಾಯಿತು. ಅನುಭವಕ್ಕೆ ಅಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಪಕ್ಕದವರ ಮಾತನ್ನು ಕಿವಿಗೆ ಹಾಕಿಕೊಳ್ಳುವುದರಲ್ಲಿ.

ಆದ್ದರಿಂದಲೇ ಈಗ ಒಳ್ಳೆಯ ಕಂಪನಿಗಳು ಗುಂಪಿನ ಕೆಲಸ, ಮಾತುಕತೆ, ಸ್ವಭಾವದ ಪ್ರಶ್ನೆಗಳನ್ನೂ ಆಯ್ಕೆಯಲ್ಲಿ ಸೇರಿಸುತ್ತವೆ. ಐದಾರು ಮಂದಿಯನ್ನು ಒಂದು ಮೇಜಿನ ಸುತ್ತ ಕೂರಿಸಿ ಒಂದು ಸಮಸ್ಯೆ ಕೊಡುತ್ತಾರೆ. ಉತ್ತರ ಸಿಕ್ಕಿತೇ ಎಂಬುದಕ್ಕಿಂತ, ಬೇರೆಯವರು ಬಾಯಿ ತೆರೆದಾಗ ನೀನು ಏನು ಮಾಡಿದೆ ಎಂದು ಗಮನಿಸುತ್ತಾರೆ. ಇದೂ ಪೈಲಟ್ ಆಪ್ಟಿಟ್ಯೂಡಿನ ಭಾಗವೇ ಎಂದು ನಾನು ನಂಬುತ್ತೇನೆ.

ಹೆತ್ತವರಿಗೆ ಒಂದು ಮಾತು. ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದರ ಖರ್ಚು ಹಲವು ಹತ್ತು ಲಕ್ಷ. ತೋಟ ಅಡವಿಟ್ಟು ಮಗುವನ್ನು ಕಳಿಸಿ, ಆಮೇಲೆ ಕಣ್ಣಿನ ತೊಂದರೆಯೋ ಮತ್ತೊಂದೋ ಹೊರಬಿದ್ದ ಮನೆ ನನಗೆ ಗೊತ್ತಿದೆ. ಮೊದಲು ಮೆಡಿಕಲ್ ಮಾಡಿಸಿ. ಆಮೇಲೆ ಒಂದು ಆಪ್ಟಿಟ್ಯೂಡ್ ಟೆಸ್ಟ್ ಬರೆಸಿ. ಬ್ಯಾಂಕಿಗೆ ಹೋಗುವುದು ಅದಾದ ಮೇಲೆ.

ಅಕ್ಕನ ಮಗಳಿಗೆ ಇದನ್ನೆಲ್ಲ ಜಗಲಿಯಲ್ಲಿ ಕೂತು ಹೇಳಿದೆ. ಸ್ಟೇನೈನ್ ಲೆಕ್ಕವನ್ನು ಅವಳು ಪುಸ್ತಕದಲ್ಲಿ ಬರೆದುಕೊಂಡಳು. “ಮಾವ, ನನಗೆ 5 ಬಂದರೆ?” ಎಂದು ಕೇಳಿದಳು. ಅದು ಆ ಕಾಲದ ಟೆಸ್ಟಿನ ಲೆಕ್ಕ, ಆದರೂ ಆಗ 5 ಬಂದವರಲ್ಲಿ ನೂರಕ್ಕೆ 70 ಮಂದಿ ಆ ಹಂತ ದಾಟಿದ್ದರು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಹಾಗಾದರೆ ಅಪ್ಪನಿಗೆ ಈ ಎಪ್ಪತ್ತನ್ನೂ ಹೇಳಿ, ಮೂವತ್ತನ್ನೂ ಹೇಳಿ. ನೀವೇ ಹೇಳಬೇಕು.”