ಹನ್ನೊಂದನೆಯ ಮೆಟ್ಟಿಲು

ಅಪಘಾತ ವಿಭಾಗದ ರಿಜಿಸ್ಟರಿನಲ್ಲಿ 'ಕಾರಣ' ಎಂಬ ಕಾಲಂ ಒಂದಿರುತ್ತದೆ. ಎರಡು ಬೆರಳಗಲದ ಜಾಗ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ನರ್ಸ್ ಅಲ್ಲಿ ಎಷ್ಟೆಂದು ಬರೆದಾರು? 'ಬಿದ್ದದ್ದು'. 'ಜಾರಿದ್ದು'. 'ಸುಟ್ಟದ್ದು'. ಕೆಳಗಿನ ಸಾಲಿನಲ್ಲಿ ಮತ್ತೆ 'ಬಿದ್ದದ್ದು', ಅದರ ಕೆಳಗೆ 'ಮೇಲಿನಂತೆ' ಎಂದು ಎರಡು ಗೀಟು. ಪಕ್ಕದ ಕಾಲಂನಲ್ಲಿ ಮಾತ್ರ ಗಾಯದ ವಿವರ ಅಚ್ಚುಕಟ್ಟಾಗಿರುತ್ತದೆ: ಎಡ ಮುಂಗೈ ಮೂಳೆ ಮುರಿತ, ಹುಬ್ಬಿನ ಮೇಲೆ ಮೂರು ಹೊಲಿಗೆ. ಮೂಳೆ ಎಲ್ಲಿ ಮುರಿಯಿತು ಎಂಬುದಕ್ಕೆ ಎಕ್ಸ್‌ರೇ ಇದೆ, ಆಳು ಎಲ್ಲಿ ಬಿದ್ದ ಎಂಬುದಕ್ಕೆ ಏನೂ ಇಲ್ಲ.

ಸಮುದಾಯ ಆರೋಗ್ಯದ ಕೆಲಸಕ್ಕೆ ಬಂದ ಮೊದಲ ವರ್ಷ ನಾನು ಮಾಡಿದ ಒಂದೇ ಉಪಯುಕ್ತ ಕೆಲಸವೆಂದರೆ ಆ ಕಾಲಂ ಅಗಲ ಮಾಡಿಸಿದ್ದು. ಎಲ್ಲಿ, ಎಷ್ಟು ಹೊತ್ತಿಗೆ, ಕೈಯಲ್ಲಿ ಏನಿತ್ತು, ಯಾವುದಕ್ಕೆ ತಾಗಿತು. ಗಾಯಕ್ಕೆ ಪಟ್ಟಿ ಕಟ್ಟುತ್ತಲೇ ಕೇಳಿ ಬರೆಯಬಹುದಾದ ನಾಲ್ಕೇ ಪ್ರಶ್ನೆ. ನರ್ಸುಗಳು ಗೊಣಗಿದರು, ಗೊಣಗಿದ್ದರಲ್ಲಿ ನ್ಯಾಯವೂ ಇತ್ತು. ಮೂರು ತಿಂಗಳಾದ ಮೇಲೆ ಅವರಲ್ಲೇ ಹಿರಿಯರೊಬ್ಬರು ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟರು. "ಮೇಡಂ, ಈ ಮೆಟ್ಟಿಲು ಹೊಂಚು ಹಾಕಿ ಜನರನ್ನ ಬೀಳಿಸ್ತಿದೆ ನೋಡಿ."

ಒಂಬತ್ತು ಜನ. ಎಲ್ಲರೂ ಒಂದೇ ಪಾದಚಾರಿ ಮೇಲ್ಸೇತುವೆಯ ಒಂದೇ ಬದಿಯಲ್ಲಿ, ಇಳಿಯುವಾಗಲೇ ಬಿದ್ದವರು. ಹತ್ತೊಂಬತ್ತರ ಹುಡುಗನೂ ಇದ್ದ, ಎಪ್ಪತ್ತು ದಾಟಿದ ಅಜ್ಜಿಯೂ ಇದ್ದರು. ಬಿದ್ದವರನ್ನು ಕೇಳಿದರೆ ಪ್ರತಿಯೊಬ್ಬರದೂ ಅದೇ ಉತ್ತರ: "ನನ್ನದೇ ತಪ್ಪು, ಅವಸರದಲ್ಲಿದ್ದೆ."

ನಾನೂ ಅದನ್ನೇ ನಂಬಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಲ್ಲಿ 'ಎಚ್ಚರ! ನಿಧಾನವಾಗಿ ಇಳಿಯಿರಿ' ಎಂದು ಕೆಂಪಕ್ಷರದ ಬೋರ್ಡ್ ಬರೆಸಿ ಹಾಕಿಸಿದವಳು ನಾನೇ. ಮುಂದಿನ ತಿಂಗಳು ಬಂದ ಹತ್ತನೆಯವರು ಹೇಳಿದ್ದು: "ಆ ಬೋರ್ಡ್ ಓದ್ತಾ ಇಳೀತಿದ್ದೆ ಡಾಕ್ಟ್ರೇ."

ಆಮೇಲೆ ಟೇಪು ಹಿಡಿದುಕೊಂಡು ಹೋದೆವು. ಮೇಲಿನಿಂದ ಹತ್ತು ಮೆಟ್ಟಿಲು ಇಳಿಯುವವರೆಗೆ ಪ್ರತಿಯೊಂದರ ಎತ್ತರ 16 ಸೆಂಟಿಮೀಟರ್. ಹನ್ನೊಂದನೆಯದು ಹದಿನೆಂಟೂವರೆ. ಕೆಳಗಿನ ಮೆಟ್ಟಿಲುಗಳು ಒಡೆದಿದ್ದಾಗ ಯಾವಾಗಲೋ ಹೊಸದಾಗಿ ಕಟ್ಟಿದ್ದರು. ಹಳೆಯದಕ್ಕೆ ಹೊಸದನ್ನು ಕೂಡಿಸುವಲ್ಲಿ ಲೆಕ್ಕ ತಪ್ಪಿತ್ತು. ಎರಡೂವರೆ ಸೆಂಟಿಮೀಟರ್ ಏನು ಮಹಾ ಎನ್ನಿಸಬಹುದು. ಆದರೆ ಮೆಟ್ಟಿಲು ಇಳಿಯುವವರು ಪ್ರತಿ ಮೆಟ್ಟಿಲನ್ನೂ ನೋಡಿಕೊಂಡು ಇಳಿಯುವುದಿಲ್ಲ. ಮೊದಲ ಎರಡು ಮೂರಕ್ಕೆ ಕಣ್ಣು ಕೆಲಸ ಮಾಡುತ್ತದೆ, ಕಾಲು ಅಳತೆ ಕಲಿತುಕೊಳ್ಳುತ್ತದೆ, ಆಮೇಲೆ ಕಣ್ಣು ದಾರಿಯ ಕಡೆಗೆ, ಕಾಲು ತನ್ನ ಲೆಕ್ಕಕ್ಕೆ. ನೆಲ ಇಲ್ಲಿರುತ್ತದೆ ಎಂದು ಪಾದ ಇಳಿದಾಗ ನೆಲ ಅಲ್ಲಿರದಿದ್ದರೆ, ಇಡೀ ದೇಹದ ಭಾರ ಮುಂದಕ್ಕೆ ವಾಲಿರುತ್ತದೆ. ಒಂದು ಮೆಟ್ಟಿಲಿಗೂ ಮತ್ತೊಂದಕ್ಕೂ ಸುಮಾರು 1 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು ಎಂದು ಹಲವು ಕಟ್ಟಡ ನಿಯಮಗಳು ಹೇಳುವುದು ಇದಕ್ಕೇ. ಇಬ್ಬರು ಗಾರೆ ಕೆಲಸದವರು ಒಂದು ದಿನದಲ್ಲಿ ಅದನ್ನು ಸರಿಮಾಡಿದರು. ಬೋರ್ಡನ್ನು ನಾನೇ ಇಳಿಸಿದೆ.

ಎಡವಿದ ಕಾಲೇ ಎಡವುತ್ತದೆ ಎನ್ನುತ್ತೇವೆ. ನನ್ನ ರಿಜಿಸ್ಟರ್ ಕಂಡಂತೆ ಕಾಲುಗಳು ಬೇರೆ ಬೇರೆ, ಎಡವುವ ಜಾಗ ಮಾತ್ರ ಅದೇ.

ಈ ಕೆಲಸಕ್ಕೆ ನಮ್ಮ ಮಾತೇ ಒಂದಿಷ್ಟು ಅಡ್ಡ ಬರುತ್ತದೆ. 'ಅಕಸ್ಮಾತ್' ಎಂಬುದನ್ನು ಬಿಡಿಸಿ ನೋಡಿ: ಅ-ಕಸ್ಮಾತ್, ಯಾವುದರಿಂದಲೂ ಅಲ್ಲ, ಕಾರಣವೇ ಇಲ್ಲದ್ದು. ಆಕಸ್ಮಿಕ ಎಂದೊಡನೆ ಕಾರಣ ಹುಡುಕುವ ಕೆಲಸ ಅಲ್ಲಿಗೇ ಮುಗಿಯಿತು, ಉಳಿದದ್ದು ಗ್ರಹಚಾರ. ಇಂಗ್ಲಿಷಿನಲ್ಲೂ ಇದೇ ತೊಡಕು. ಬ್ರಿಟಿಷ್ ಮೆಡಿಕಲ್ ಜರ್ನಲ್ 2001ರಲ್ಲಿ 'ಆಕ್ಸಿಡೆಂಟ್' ಎಂಬ ಪದವನ್ನೇ ತನ್ನ ಪುಟಗಳಿಂದ ದೂರವಿಡುವುದಾಗಿ ಹೇಳಿತು. ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 44 ಲಕ್ಷ ಜನ ಗಾಯಗಳಿಂದ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಹಿಂಸೆ ಮತ್ತು ಆತ್ಮಹತ್ಯೆಗಳನ್ನೂ ಸೇರಿಸಿ. ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅದೇ ವಯಸ್ಸಿನವರಿಗೆ, ಅದೇ ಬಗೆಯ ಜಾಗಗಳಲ್ಲಿ ಆಗುವುದು ಅಕಸ್ಮಾತ್ ಆಗುವುದು ಹೇಗೆ?

ಗಾಯವನ್ನು ರೋಗದಂತೆ ನೋಡಬೇಕು ಎಂಬ ಯೋಚನೆಗೆ ಒಂದು ಸ್ವಾರಸ್ಯದ ಮೂಲವಿದೆ. ಹ್ಯೂ ಡಿಹೇವನ್ ಎಂಬಾತ ಮೊದಲ ಮಹಾಯುದ್ಧದ ಕಾಲದಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದಾಗ ಆಕಾಶದಲ್ಲಿ ಡಿಕ್ಕಿಯಾಗಿ ಬಿದ್ದು ಬದುಕಿದ. ನಾನು ಹೇಗೆ ಉಳಿದೆ ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರ ಪ್ರಕರಣಗಳನ್ನು ಕೂಡಿಹಾಕಿ 1942ರಲ್ಲಿ ಒಂದು ಲೇಖನ ಪ್ರಕಟಿಸಿದ. ಎಷ್ಟು ಎತ್ತರದಿಂದ ಬಿದ್ದರು ಎಂಬುದರಷ್ಟೇ, ಬಿದ್ದ ಜಾಗ ಎಷ್ಟು ತಗ್ಗಿಕೊಟ್ಟಿತು ಎಂಬುದೂ ಮುಖ್ಯ ಎಂದು ತೋರಿಸಿದ. ಆಮೇಲೆ ಬಂದ ವಿಲಿಯಂ ಹ್ಯಾಡನ್ ಎಂಬ ವೈದ್ಯ ಇದನ್ನು ಪಟ್ಟಿಯಾಗಿ ಕಟ್ಟಿದ: ಘಟನೆಗೆ ಮುಂಚೆ, ಆಗುವಾಗ, ಆದ ಮೇಲೆ ಎಂದು ಮೂರು ಸಾಲು, ಮನುಷ್ಯ, ವಸ್ತು, ಪರಿಸರ ಎಂದು ಕಾಲಂಗಳು. ಗಾಯ ಮಾಡುವುದು ಶಕ್ತಿ, ಅಂದರೆ ವೇಗ, ಬಿಸಿ, ವಿದ್ಯುತ್. ಅದು ದೇಹಕ್ಕೆ ಮುಟ್ಟದಂತೆ, ಮುಟ್ಟಿದರೂ ಮೆಲ್ಲಗೆ ಮುಟ್ಟುವಂತೆ ಮಾಡಬೇಕು, ಇಷ್ಟೇ ಅವನ ಮಾತು. ನಮ್ಮ ತರಬೇತಿಗಳಲ್ಲಿ ಈ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು ತುಂಬಿಸಲು ಹೇಳುತ್ತೇನೆ. 'ಮನುಷ್ಯ' ಎಂಬ ಕಾಲಂ ಎರಡೇ ನಿಮಿಷದಲ್ಲಿ ತುಂಬಿ ತುಳುಕುತ್ತದೆ. ಉಳಿದವು ಖಾಲಿ.

ಬಿಸಿನೀರನ್ನೇ ತೆಗೆದುಕೊಳ್ಳಿ. ನಲ್ಲಿಯಲ್ಲಿ 60 ಡಿಗ್ರಿ ಸೆಲ್ಸಿಯಸ್ ನೀರು ಬಂದರೆ ದೊಡ್ಡವರ ಚರ್ಮ ಆಳವಾಗಿ ಸುಡಲು ಸುಮಾರು 5 ಸೆಕೆಂಡು ಸಾಕು. 49 ಡಿಗ್ರಿಗೆ ಇಳಿಸಿದರೆ ಅದೇ ಸುಡುವಿಕೆಗೆ ಹಲವು ನಿಮಿಷ ಬೇಕು. ಅಷ್ಟರಲ್ಲಿ ಯಾರೇ ಆದರೂ ಕೈ ತೆಗೆದುಕೊಂಡಿರುತ್ತಾರೆ. ಮಕ್ಕಳ ಚರ್ಮ ತೆಳು, ಅವರಿಗೆ ಈ ಎರಡೂ ಅವಧಿ ಇನ್ನೂ ಕಡಿಮೆ. 'ಮಗುವಿನ ಮೇಲೆ ಕಣ್ಣಿಡಿ' ಎಂದು ಸಾವಿರ ಮನೆಗೆ ಹೇಳುವುದಕ್ಕಿಂತ ಗೀಸರಿನ ತಿರುಪು ಒಮ್ಮೆ ತಿರುಗಿಸುವುದು ಮೇಲು ಎಂದು ನಾನು ಬಹಳ ದಿನ ಸಾರುತ್ತಿದ್ದೆ. ಒಬ್ಬ ಪ್ಲಂಬರ್ ನನ್ನನ್ನು ತಿದ್ದಿದ. ಟ್ಯಾಂಕಿನ ನೀರು ತೀರಾ ಉಗುರುಬೆಚ್ಚಗಿದ್ದರೆ ಅದರಲ್ಲಿ ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆಸ್ಪತ್ರೆ, ಹಾಸ್ಟೆಲಿನಂಥ ದೊಡ್ಡ ಟ್ಯಾಂಕುಗಳಲ್ಲಿ ನೀರನ್ನು 60ರಲ್ಲೇ ಇಟ್ಟು, ನಲ್ಲಿಯ ಬುಡದಲ್ಲಿ ತಣ್ಣೀರು ಬೆರೆಸುವ ವಾಲ್ವ್ ಹಾಕಬೇಕು ಎಂದ. ಸುರಕ್ಷತಾ ಸಮಿತಿಗೆ ವೈದ್ಯರಿಗಿಂತ ಮೊದಲು ಪ್ಲಂಬರನ್ನೂ ಗಾರೆಯವರನ್ನೂ ಕರೆಯಬೇಕು ಎಂದು ಅಂದಿನಿಂದ ಹಟ ಹಿಡಿದಿದ್ದೇನೆ.

ಸುಟ್ಟರೆ ಏನು ಮಾಡಬೇಕು ಎಂಬುದೂ ಪಟ್ಟಿಯ ಮೂರನೆಯ ಸಾಲು. ಹರಿಯುವ ತಣ್ಣೀರಿನಡಿ 20 ನಿಮಿಷ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ.

ನ್ಯೂಯಾರ್ಕ್ ನಗರದ ಕಥೆಯನ್ನು ಮಾತ್ರ ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಎತ್ತರದ ಕಟ್ಟಡಗಳ ಕಿಟಕಿಯಿಂದ ಮಕ್ಕಳು ಬಿದ್ದು ಸಾಯುತ್ತಿದ್ದರು. ತಾಯಂದಿರು ನಿಗಾ ಇಡಲಿಲ್ಲ ಎಂದು ಬೈಯುವುದು ಸುಲಭವಿತ್ತು. ನಗರದ ಆರೋಗ್ಯ ಇಲಾಖೆ 1972ರಲ್ಲಿ ಶುರುಮಾಡಿದ ಕಾರ್ಯಕ್ರಮದ ಹೆಸರು 'ಮಕ್ಕಳು ಹಾರಲಾರರು'. ಯಾವ ಬಡಾವಣೆ, ಎಷ್ಟನೆಯ ಮಹಡಿ, ಯಾವ ವಯಸ್ಸು ಎಂದು ಲೆಕ್ಕ ಹಿಡಿದರು, ಮನೆಮನೆಗೆ ಹೋದರು, ಕಿಟಕಿಗೆ ಹಾಕುವ ಸರಳುಗಳನ್ನು ಪುಕ್ಕಟೆ ಕೊಟ್ಟರು. 1976ರಲ್ಲಿ ಕಾನೂನೇ ಬಂತು: 10 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿರುವ ಮನೆಯ ಕಿಟಕಿಗೆ ಸರಳು ಹಾಕಿಸುವುದು ಕಟ್ಟಡದ ಮಾಲೀಕರ ಹೊಣೆ. ಮಕ್ಕಳು ಬೀಳುವುದು ತೀರಾ ಇಳಿದುಹೋಯಿತು. ಮಕ್ಕಳೂ ತಾಯಂದಿರೂ ಮೊದಲಿನಂತೆಯೇ ಇದ್ದರು.

ಹಾಗೆಂದು ನಿಗಾ ಎಂಬುದು ಕೆಲಸಕ್ಕೆ ಬಾರದ ಮಾತು ಎಂದಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳು ಹೆಚ್ಚಾಗಿ ಮುಳುಗುತ್ತಿದ್ದುದು ಮನೆಯಿಂದ ಕೆಲವೇ ಹೆಜ್ಜೆ ದೂರದ ಕೊಳದಲ್ಲಿ, ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ, ತಾಯಿ ಮನೆಗೆಲಸದಲ್ಲಿ ಮುಳುಗಿರುವ ಹೊತ್ತಿನಲ್ಲಿ. ಆ ತಾಯಿಗೆ 'ಎಚ್ಚರವಾಗಿರಮ್ಮಾ' ಎಂದು ಹೇಳಿ ಏನು ಪ್ರಯೋಜನ? ಅಲ್ಲಿ ಮಾಡಿದ್ದು ಬೇರೆ: ಸರಿಯಾಗಿ ಆ ಕೆಲವು ಗಂಟೆಗಳ ಹೊತ್ತು, ಹಳ್ಳಿಯಲ್ಲೇ ತರಬೇತಿ ಪಡೆದ ಒಬ್ಬ ಹೆಣ್ಣುಮಗಳು ಪುಟ್ಟ ಮಕ್ಕಳನ್ನು ಒಂದೆಡೆ ಕೂಡಿಸಿ ನೋಡಿಕೊಳ್ಳುವ ವ್ಯವಸ್ಥೆ. ಮುಳುಗಿ ಸಾಯುವುದು ಗಣನೀಯವಾಗಿ ಕಡಿಮೆಯಾಯಿತು. ನಿಗಾ ಇಡಿ ಎಂದು ಬರೀ ಹೇಳಲಿಲ್ಲ, ಇಡಲು ಒಬ್ಬರನ್ನು ಕೊಟ್ಟರು.

ಊರಿಗೆ ಊರೇ ಸೇರಿ ಇಂಥ ಕೆಲಸ ಮಾಡುವ ಕ್ರಮಕ್ಕೆ 'ಸುರಕ್ಷಿತ ಸಮುದಾಯ' ಎಂದು ಹೆಸರು. ಸ್ವೀಡನ್ನಿನ ಫಾಲ್‌ಶೋಪಿಂಗ್‌ನಲ್ಲಿ 1970ರ ದಶಕದ ಕೊನೆಗೆ ಆಸ್ಪತ್ರೆಗೆ ಬರುವ ಗಾಯಗಳನ್ನು ದಾಖಲಿಸುತ್ತ ಇದು ಮೊಳೆಯಿತು. 1989ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಘೋಷಣಾ ಪತ್ರವೂ ಆಯಿತು. ಫಾಲ್‌ಶೋಪಿಂಗ್‌ನಲ್ಲಿ ಮೊದಲ ಕೆಲವೇ ವರ್ಷಗಳಲ್ಲಿ ಗಾಯಗಳು ಸುಮಾರು ಕಾಲು ಭಾಗದಷ್ಟು ಕಡಿಮೆಯಾದವು. ಆಮೇಲೆ ಮತ್ತೆ ಏರಿದವು ಎಂಬ ಭಾಗವನ್ನು ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ನನಗೆ ಅದೇ ಹೆಚ್ಚು ಉಪಯೋಗಕ್ಕೆ ಬಂದಿದೆ. ನಮ್ಮಲ್ಲೂ ರಿಜಿಸ್ಟರ್ ಬರೆಯುತ್ತಿದ್ದ ಆ ಹಿರಿಯ ನರ್ಸ್ ನಿವೃತ್ತರಾದ ವರ್ಷ ಕಾಲಂ ತನ್ನಷ್ಟಕ್ಕೆ ಕಿರಿದಾಗಿ 'ಬಿದ್ದದ್ದು'ಗೆ ಮರಳಿತ್ತು. ಗಾಯಗಳು ಇಳಿದವೆಂದು ನಾವು ವರದಿ ಕಳಿಸಿದೆವು. ಇಳಿದದ್ದು ಬರವಣಿಗೆ.

ಇದರ ತಿರುವುಮುರುವೂ ಆಗುತ್ತದೆ. ಎಣಿಸಲು ಶುರುಮಾಡಿದ ಮೊದಲ ವರ್ಷ ಸಂಖ್ಯೆ ಏರಿಯೇ ಏರುತ್ತದೆ, ಮೊದಲು ಲೆಕ್ಕಕ್ಕೆ ಬರದವರು ಬರುವುದರಿಂದ. ಆಗ ಮೇಲಿನವರು ಗಾಬರಿಯಾಗಿ ಕಾರ್ಯಕ್ರಮ ನಿಲ್ಲಿಸದಂತೆ ತಡೆಯುವುದೇ ಒಂದು ಕಸುಬು. ಆಸ್ಪತ್ರೆಗೇ ಬಾರದವರಂತೂ ಯಾವ ಪುಸ್ತಕದಲ್ಲೂ ಇಲ್ಲ. ಅದಕ್ಕೇ ನಾನೀಗ 'ಸ್ವಲ್ಪದರಲ್ಲಿ ತಪ್ಪಿತು' ಎಂಬ ಮಾತುಗಳನ್ನು ಕೂಡಿಹಾಕುತ್ತೇನೆ. ಎಲ್ಲಿ ಜಾರಿಯೂ ಬೀಳಲಿಲ್ಲ, ಎಲ್ಲಿ ಬ್ರೇಕು ಕಿರುಗುಟ್ಟಿ ನಿಂತಿತು. ಶಾಲೆಯ ಮಕ್ಕಳಿಗೆ ಒಂದು ನಕ್ಷೆ ಕೊಟ್ಟು ಚುಕ್ಕಿ ಇಡಲು ಹೇಳಿದರೆ ಸಾಕು, ದೊಡ್ಡವರ ಸಮಿತಿ ಮೂರು ಸಭೆಯಲ್ಲಿ ಹೇಳದ್ದನ್ನು ಅವರು ಅರ್ಧ ಗಂಟೆಯಲ್ಲಿ ತೋರಿಸುತ್ತಾರೆ. ಚುಕ್ಕಿಗಳು ಗುಂಪುಗೂಡಿದ ತಿರುವಿನಲ್ಲಿ ವಾಹನಗಳ ವೇಗ 50ರಿಂದ 30 ಕಿಲೋಮೀಟರಿಗೆ ಇಳಿದರೆ, ಡಿಕ್ಕಿಯ ಶಕ್ತಿ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಷ್ಟೇ ಉಳಿಯುತ್ತದೆ. ಅದು ಬರೀ ಗಣಿತ. ರಸ್ತೆಗೆ ಉಬ್ಬು ಹಾಕಿಸಲು ಬೇಕಾದ ಸಹಿಗಳು ಮಾತ್ರ ಗಣಿತಕ್ಕೆ ಸಿಗುವುದಿಲ್ಲ.

ಕಾಲಂ ಈಗ ಮತ್ತೆ ಅಗಲವಾಗಿದೆ. ಹೊಸದಾಗಿ ಬಂದ ನರ್ಸ್ ಚುರುಕು. ಈ ವಾರ ಅವರು ಬರೆದ ನಾಲ್ಕು ಸಾಲು ನನ್ನ ಮುಂದಿವೆ, ನಾಲ್ಕೂ ಸಂಜೆ ಏಳರ ಮೇಲಿನವು, ನಾಲ್ಕರಲ್ಲೂ ಅದೇ ಮೇಲ್ಸೇತುವೆ. ಹನ್ನೊಂದನೆಯ ಮೆಟ್ಟಿಲಲ್ಲ, ಮೊದಲನೆಯದು. 'ಕೈಯಲ್ಲಿ ಏನಿತ್ತು' ಎಂಬಲ್ಲಿ ನಾಲ್ಕು ಸಲವೂ ಒಂದೇ ಪದ: 'ಮೊಬೈಲ್'. ಮೊಬೈಲ್ ನೋಡುತ್ತ ಬಿದ್ದರು ಎಂದು ನಾನು ಪುಸ್ತಕ ಮುಚ್ಚಲಿಕ್ಕಿದ್ದೆ. ಅವರು ತಡೆದು, "ಕೇಳಿದೆ ಮೇಡಂ, ಟಾರ್ಚ್ ಹಾಕ್ಕೊಂಡಿದ್ರಂತೆ. ಮೇಲಿನ ದೀಪ ಕೆಟ್ಟಿದೆ" ಎಂದರು.