ಎಮ್ಮಾಳ ಕಣ್ಣಿನ ಬಣ್ಣ ಮತ್ತು ಎನಿಡ್ ಸ್ಟಾರ್ಕಿ

ಪ್ರಶ್ನೆ: ಎನಿಡ್ ಸ್ಟಾರ್ಕಿ ಅಂದ್ರೆ ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್ ಬರೆದ 'ಮದಾಂ ಬೊವಾರಿ'ಯ ನಾಯಕಿ ಎಮ್ಮಾಳ ಕಣ್ಣಿನ ಬಣ್ಣದ ವಿಷಯದಲ್ಲಿ ಎಡವಿದ ವಿಮರ್ಶಕಿ ತಾನೆ? ಅವರ ಪುಸ್ತಕಗಳನ್ನು ಈಗಲೂ ಓದಬೇಕಾ?

ಹೌದು, ಅವರೇ. ಮತ್ತು ಖಂಡಿತ ಓದಬೇಕು.

ಇದನ್ನು ಕೇಳುವವರಲ್ಲಿ ಹೆಚ್ಚಿನವರು ಜೂಲಿಯನ್ ಬಾರ್ನ್ಸ್ ಅವರ 'ಫ್ಲೋಬೇರ್ಸ್ ಪ್ಯಾರಟ್' ಕಾದಂಬರಿ ಓದಿ ಬಂದಿರುತ್ತಾರೆ. ನಾನೂ ಸ್ಟಾರ್ಕಿ ಹೆಸರನ್ನು ಮೊದಲು ಕಂಡದ್ದು ಅಲ್ಲೇ. ಆ ಕಾದಂಬರಿಯ ಕಥೆ ಹೇಳುವ ನಿವೃತ್ತ ಡಾಕ್ಟರಿಗೆ ಸ್ಟಾರ್ಕಿ ಮೇಲೆ ವಿಪರೀತ ಸಿಟ್ಟು. ಫ್ಲೋಬೇರ್ ಪಾತ್ರಗಳ ಹೊರರೂಪದ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ, ಎಮ್ಮಾಳ ಕಣ್ಣು ಒಂದು ಕಡೆ ಕಂದು, ಇನ್ನೊಂದು ಕಡೆ ಕಪ್ಪು, ಮತ್ತೊಂದು ಕಡೆ ನೀಲಿ ಅಂತ ಸ್ಟಾರ್ಕಿ ಬರೆದಿದ್ದರು. ಡಾಕ್ಟರು 'ಮದಾಂ ಬೊವಾರಿ'ಯನ್ನೇ ಮತ್ತೆ ಓದಿ ಪರೀಕ್ಷೆ ಮಾಡುತ್ತಾರೆ.

ನೀವೂ ಮಾಡಿ ನೋಡಿ. ಮುಂದೆ ಎಮ್ಮಾಳ ಗಂಡನಾಗುವ ವೈದ್ಯ ಶಾರ್ಲ್ ಮೊದಲ ಸಲ ಅವಳನ್ನು ನೋಡುವುದು ಅವಳ ಅಪ್ಪನ ಮುರಿದ ಕಾಲಿಗೆ ಚಿಕಿತ್ಸೆ ಕೊಡಲು ಹೋದಾಗ. ಅಲ್ಲಿ ಅವಳ ಕಣ್ಣು ಕಂದು, ಆದರೆ ರೆಪ್ಪೆಗೂದಲಿನಿಂದಾಗಿ ಕಪ್ಪಾಗಿ ಕಾಣುತ್ತದೆ. ಮದುವೆಯಾದ ಮೇಲೆ, ಒಂದೇ ದಿಂಬಿನ ಮೇಲೆ ತಲೆಯಿಟ್ಟು ಮಲಗಿ ಅವನು ಹತ್ತಿರದಿಂದ ನೋಡುತ್ತಾನೆ. ಆಗ ಅದೇ ಕಣ್ಣು ನೆರಳಲ್ಲಿ ಕಪ್ಪು, ಹಗಲಿನ ಬೆಳಕಲ್ಲಿ ಗಾಢ ನೀಲಿ. ಒಂದರ ಮೇಲೊಂದು ಬಣ್ಣದ ಪದರ ಇದ್ದ ಹಾಗೆ. ಅಂದರೆ ಮೂರು ಬಣ್ಣ ಪುಸ್ತಕದಲ್ಲಿ ಇರುವುದು ನಿಜ. ಸ್ಟಾರ್ಕಿ ಕಣ್ಣಿಗೆ ಅದು ಬಿತ್ತು. ಆದರೆ ಅದು ಲೇಖಕನ ಅಜಾಗರೂಕತೆ ಅಂದುಕೊಂಡರಲ್ಲ, ಅಲ್ಲಿ ತಪ್ಪಿದರು. ಬೆಳಕು ಬದಲಾದಂತೆ ಬಣ್ಣ ಬದಲಾಗುವುದನ್ನು ಫ್ಲೋಬೇರ್ ಬೇಕಂತಲೇ ಬರೆದಿದ್ದ.

ಬಾರ್ನ್ಸ್ ಕಾದಂಬರಿ ಬಂದದ್ದು 1984ರಲ್ಲಿ. ಸ್ಟಾರ್ಕಿ ತೀರಿಕೊಂಡದ್ದು 1970ರಲ್ಲಿ. ಉತ್ತರ ಕೊಡಲು ಅವರು ಇರಲಿಲ್ಲ. ನನಗೆ ಬೇಜಾರಾಗುವುದು ಇಲ್ಲೇ. ಒಂದು ಸಾಲಿನ ತಪ್ಪು ಇಡೀ ಬದುಕಿನ ಕೆಲಸವನ್ನು ಮರೆಮಾಡಿಬಿಟ್ಟಿದೆ.

ಅವರು ಹುಟ್ಟಿದ್ದು 1897ರಲ್ಲಿ, ಡಬ್ಲಿನ್ ಹತ್ತಿರದ ಕಿಲೈನಿಯಲ್ಲಿ. ಅಪ್ಪ ಗ್ರೀಕ್ ಪಂಡಿತರು, ಅರಿಸ್ಟೋಫನೀಸನ ನಾಟಕಗಳನ್ನು ಸಂಪಾದಿಸಿದವರು. ಬ್ರಿಟಿಷ್ ಆಡಳಿತದಲ್ಲಿ ಐರ್ಲೆಂಡಿನ ಶಾಲಾ ಶಿಕ್ಷಣ ಇಲಾಖೆಯ ದೊಡ್ಡ ಅಧಿಕಾರಿ ಕೂಡ. ಅಣ್ಣ ವಾಲ್ಟರ್ ಮುಂದೆ ಸ್ಪ್ಯಾನಿಷ್ ವಿದ್ವಾಂಸನಾದ. ಅನುಕೂಲಸ್ಥ ಮನೆ, ಮಕ್ಕಳಿಗೆ ಸಂಗೀತ, ಫ್ರೆಂಚ್ ಎಲ್ಲ ಇತ್ತು. ಆ ಬಾಲ್ಯವನ್ನು ಅವರೇ 1941ರ 'ಎ ಲೇಡೀಸ್ ಚೈಲ್ಡ್' ಆತ್ಮಕಥೆಯಲ್ಲಿ ಬರೆದಿದ್ದಾರೆ.

1916ರಲ್ಲಿ ಸ್ಕಾಲರ್‌ಶಿಪ್ ಪಡೆದು ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜು ಸೇರಿದರು. ಯುದ್ಧದ ಕಾಲ. ಕಾಲೇಜಿನ ಕಟ್ಟಡವೇ ಸೈನಿಕರ ಆಸ್ಪತ್ರೆಯಾಗಿತ್ತು. ಹುಡುಗಿಯರಿಗೆ ಓರಿಯಲ್ ಕಾಲೇಜಿನ ಒಂದು ಭಾಗದಲ್ಲಿ ಜಾಗ ಕೊಟ್ಟಿದ್ದರು. 1920ರಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದರು. ಹೆಣ್ಣುಮಕ್ಕಳಿಗೂ ಪದವಿ ಕೊಡಲು ಆಕ್ಸ್‌ಫರ್ಡ್ ಒಪ್ಪಿದ್ದೇ ಆ ವರ್ಷ. ಅದೇ ವರ್ಷ ಅಪ್ಪ ತೀರಿಕೊಂಡರು, ಮನೆಯ ಹಣಕಾಸು ಕೆಟ್ಟಿತು. ಪ್ಯಾರಿಸ್ಸಿನಲ್ಲಿ ಕೈ ಬಿಗಿಹಿಡಿದು ಬದುಕುತ್ತಲೇ ಬೆಲ್ಜಿಯಂನ ಕವಿ ಎಮಿಲ್ ವೆರ್ಹಾರೆನ್ ಬಗ್ಗೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಸ್ವಲ್ಪ ಕಾಲ ಎಕ್ಸೆಟರಿನಲ್ಲಿ ಪಾಠ ಮಾಡಿ, ಆಮೇಲೆ ಸಾಮರ್‌ವಿಲ್‌ಗೇ ವಾಪಸ್ ಬಂದರು. 1965ರಲ್ಲಿ ನಿವೃತ್ತರಾಗುವವರೆಗೆ ಅಲ್ಲೇ ಇದ್ದರು.

ಲಂಕೇಶರ 'ಪಾಪದ ಹೂಗಳು' ಓದಿದವರಿಗೆ ಫ್ರೆಂಚ್ ಕವಿ ಬೋದಿಲೇರ್ ಹೊಸಬನಲ್ಲ ಅಲ್ವಾ? ಆ ಕವಿಯ ಬಗ್ಗೆ ಸ್ಟಾರ್ಕಿ 1933ರಲ್ಲೇ ಇಂಗ್ಲಿಷಿನಲ್ಲಿ ದೊಡ್ಡ ಜೀವನಚರಿತ್ರೆ ಬರೆದರು. ಸುಮಾರು 25 ವರ್ಷ ಆದ ಮೇಲೆ, 1957ರಲ್ಲಿ, ಅದೇ ವಿಷಯಕ್ಕೆ ಮತ್ತೆ ಕೂತು ಬಹುಮಟ್ಟಿಗೆ ಹೊಸದೇ ಪುಸ್ತಕ ಬರೆದರು. ತಾನು ಬರೆದದ್ದೇ ಕೊನೆಯ ಮಾತು ಅಂತ ಕೂರುವ ಜಾತಿ ಅಲ್ಲ ಅವರದು. ಇನ್ನೊಬ್ಬ ಫ್ರೆಂಚ್ ಕವಿ ರಾಂಬೋ ಬಗೆಗಿನ ಪುಸ್ತಕವೂ ಹಾಗೇ: 1938ರಲ್ಲಿ ಬಂತು, 1947ರಲ್ಲಿ ತಿದ್ದಿದರು, 1961ರಲ್ಲಿ ಮತ್ತೆ ತಿದ್ದಿದರು.

ನಿಜ ಹೇಳಬೇಕೆಂದರೆ, ಅವರ ದೊಡ್ಡ ತಪ್ಪು ಎಮ್ಮಾಳ ಕಣ್ಣಲ್ಲ. ರಾಂಬೋ ಇಪ್ಪತ್ತರ ಆಸುಪಾಸಿನಲ್ಲೇ ಕವಿತೆ ಬಿಟ್ಟು, ಮುಂದೆ ಅರೇಬಿಯಾದ ಏಡನ್, ಇಥಿಯೋಪಿಯಾದ ಹರಾರ್ ಕಡೆ ವ್ಯಾಪಾರಕ್ಕೆ ಹೋದವನು. ಅಲ್ಲಿ ಅವನು ಏನು ಮಾಡುತ್ತಿದ್ದ ಅಂತ ಸ್ಟಾರ್ಕಿ ಬ್ರಿಟಿಷ್ ವಿದೇಶಾಂಗ ಇಲಾಖೆಯ ಹಳೆಯ ಕಡತಗಳನ್ನೆಲ್ಲ ತಡಕಾಡಿದರು. ಸಿಕ್ಕ ಒಂದು ವರದಿಯನ್ನು ನಂಬಿ, ಗುಲಾಮರ ವ್ಯಾಪಾರದಲ್ಲೂ ಅವನ ಕೈ ಇತ್ತು ಅಂತ 1937ರಲ್ಲಿ ಬರೆದರು. ಮುಂದೆ ಬಂದ ಸಂಶೋಧಕರು ಇದನ್ನು ಅಲ್ಲಗಳೆದರು. ಸತ್ತವನ ಮೇಲೆ ಅಂಥ ಆರೋಪ ಹೊರಿಸುವುದು ಸಣ್ಣ ವಿಷಯವಲ್ಲ. ಆದರೂ ಕವಿಯ ಆಫ್ರಿಕಾದ ವರ್ಷಗಳನ್ನು ದಂತಕಥೆಗೆ ಬಿಡದೆ ಕಾಗದಪತ್ರದಲ್ಲಿ ಹುಡುಕಬೇಕು ಅಂತ ಹೊರಟರಲ್ಲ, ಅದಕ್ಕೆ ನಾನು ಬೆಲೆ ಕೊಡುತ್ತೇನೆ.

ಆಕ್ಸ್‌ಫರ್ಡಿನಲ್ಲಿ ಅವರನ್ನು ಗುರುತಿಸದವರೇ ಇರಲಿಲ್ಲ. ಕಣ್ಣು ಕುಕ್ಕುವ ಕೆಂಪು, ನೀಲಿ ಬಟ್ಟೆ, ಪ್ಯಾಂಟು, ನಾವಿಕರ ಟೋಪಿ. ಜನ ಬಟ್ಟೆಯ ಬಗ್ಗೆ ಮಾತಾಡಿದಷ್ಟು ಅವರು ಮಾಡಿಸಿದ ಕೆಲಸದ ಬಗ್ಗೆ ಮಾತಾಡಲಿಲ್ಲ. ಫ್ರೆಂಚ್ ಲೇಖಕ ಆಂದ್ರೆ ಜೀದ್‌ಗೆ 1947ರ ಜೂನಿನಲ್ಲಿ ಆಕ್ಸ್‌ಫರ್ಡ್ ಗೌರವ ಡಾಕ್ಟರೇಟ್ ಕೊಟ್ಟದ್ದರ ಹಿಂದೆ ಇದ್ದವರು ಇವರೇ. ನೊಬೆಲ್ ಬಂದದ್ದು ಆಮೇಲೆ, ಅದೇ ನವೆಂಬರಿನಲ್ಲಿ.

ಅಲ್ಲಿನ ಕಾವ್ಯದ ಪ್ರೊಫೆಸರ್ ಹುದ್ದೆಗೆ ಹಳೆಯ ಪದವೀಧರರು ಓಟು ಹಾಕಿ ಆರಿಸುತ್ತಾರೆ. ಆ ಜಾಗಕ್ಕೆ ಕವಿಯೇ ಬರಬೇಕು ಅನ್ನುವುದು ಸ್ಟಾರ್ಕಿ ಹಟ. 1951ರಲ್ಲಿ ಕವಿ ಸೆಸಿಲ್ ಡೇ ಲೂಯಿಸ್ ಪರ ಓಡಾಡಿದರು. ಎದುರಾಳಿ ನಾರ್ನಿಯಾ ಕಥೆಗಳ ಸಿ.ಎಸ್. ಲೂಯಿಸ್. ಡೇ ಲೂಯಿಸ್ 194 ಮತ ಪಡೆದು ಗೆದ್ದರು, ಸಿ.ಎಸ್. ಲೂಯಿಸ್‌ಗೆ ಬಂದದ್ದು 173. ಮುಂದೆ 1956ರಲ್ಲಿ ಕವಿ ಆಡೆನ್ ಗೆದ್ದಾಗಲೂ ಹಿಂದೆ ಸ್ಟಾರ್ಕಿ ಇದ್ದರು. 1968ರಲ್ಲಿ ತಾವೇ ನಿಂತರು. ಸೋತರು. ಗೆದ್ದದ್ದು ರಾಯ್ ಫುಲ್ಲರ್, ಅವರೂ ಕವಿ.

ಕೊನೆಯ ವರ್ಷಗಳು ಫ್ಲೋಬೇರ್‌ಗೆ ಹೋದವು. ಮೊದಲ ಸಂಪುಟ 1967ರಲ್ಲಿ ಬಂತು. ಎರಡನೆಯದು ಅಚ್ಚಾಗಿ ಬಂದದ್ದು 1971ರಲ್ಲಿ. ಅದನ್ನು ಅವರು ನೋಡಲಿಲ್ಲ.

ಯಾವುದರಿಂದ ಶುರು ಮಾಡಲಿ ಅಂತ ಕೇಳಿದರೆ, ರಾಂಬೋ ಪುಸ್ತಕ ಅನ್ನುತ್ತೇನೆ. ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕರೆ 1961ರ ಮುದ್ರಣವನ್ನೇ ತೆಗೆದುಕೊಳ್ಳಿ. ಗುಲಾಮರ ವ್ಯಾಪಾರದ ಮಾತು ಬಂದಲ್ಲಿ ಮಾತ್ರ ಪೆನ್ಸಿಲ್ಲಿನಲ್ಲಿ ಒಂದು ಗುರುತು ಹಾಕಿಕೊಂಡು ಓದಿ.